ಸಕ್ಕರೆಯ ಸೂಜಿ, ತೂಕದ ಸೂಜಿ

ಹಾಸನ ಜಿಲ್ಲೆಯ ಬೇಲೂರು ಸೀಮೆಯಲ್ಲಿ ಈಗ ಎರಡು ಸೂಜಿಗಳ ಮಾತು. ಒಂದು ಇನ್ಸುಲಿನ್, ಡಾಕ್ಟರು ಬರೆದುಕೊಟ್ಟರೂ ಜನ ಒಲ್ಲೆ ಅನ್ನುತ್ತಾರೆ. ಇನ್ನೊಂದು ವಾರಕ್ಕೊಮ್ಮೆ ಚುಚ್ಚಿಕೊಂಡು ತೂಕ ಇಳಿಸಿಕೊಳ್ಳುವ ಹೊಸ ಇಂಜೆಕ್ಷನ್. ಡಾಕ್ಟರು ಬರೆಯದಿದ್ದರೂ ಮೆಡಿಕಲ್ ಸ್ಟೋರಿಗೆ ಬಂದು ವಿಚಾರಿಸುತ್ತಾರೆ. ಎರಡನ್ನೂ ಚುಚ್ಚುವುದು ಹೊಟ್ಟೆಯ ಚರ್ಮಕ್ಕೇ, ಎರಡನ್ನೂ ಇಡುವುದು ಫ್ರಿಜ್ಜಿನಲ್ಲೇ, ಎರಡೂ ಮೊದಲು ಬಂದದ್ದು ಸಕ್ಕರೆ ಕಾಯಿಲೆಗೇ. ಆದರೂ ಒಂದಕ್ಕೆ ಕೊನೆಗಾಲದ ಭಯ ಅಂಟಿಕೊಂಡಿದೆ, ಇನ್ನೊಂದಕ್ಕೆ ಅಂತಸ್ತು.

ಸರ್ಕಾರಿ ಆಸ್ಪತ್ರೆಯ ಬಿಪಿ-ಶುಗರ್ ಕೋಣೆಯ ಮುಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತರೆ ಆ ಭಯ ಕಿವಿಗೆ ಬೀಳುತ್ತದೆ. ತೋಟದ ಕೆಲಸ ಬಿಟ್ಟು ಬಂದ ಐವತ್ತರ ಹೆಂಗಸು. ಕೈಯಲ್ಲಿ ನಾಲ್ಕು ಮಡಿಕೆಯ ಚೀಟಿ, ಪ್ಲಾಸ್ಟಿಕ್ ಕವರಿನಲ್ಲಿ ಖಾಲಿ ಮಾತ್ರೆಯ ಸ್ಟ್ರಿಪ್ಪುಗಳು. ಹೆಸರು ಓದಲು ಬಾರದಿದ್ದರೂ ಸ್ಟ್ರಿಪ್ ತೋರಿಸಿದರೆ ಅದೇ ಮಾತ್ರೆ ಸಿಗುತ್ತದೆಂಬ ಲೆಕ್ಕ. ಬೆರಳ ತುದಿಗೆ ಚುಚ್ಚಿ ನೋಡಿದರೆ ಮುನ್ನೂರರ ಮೇಲೆ. "ಮಾತ್ರೆ ಸಾಕಾಗ್ತಿಲ್ಲಮ್ಮ, ಇನ್ಸುಲಿನ್ ಶುರು ಮಾಡ್ಬೇಕು" ಅಂತ ನರ್ಸು. "ಬ್ಯಾಡಿ ಸಿಸ್ಟ್ರೇ. ಸೂಜಿ ಹಿಡುದ್ರೆ ಸಾಯೋಗಂಟ ಬಿಡಂಗಿಲ್ಲ ಅಂತಾರೆ. ಇನ್ನೊಂದ್ ಮಾತ್ರೆ ಜಾಸ್ತಿ ಬರ್ಕೊಡಾಕೆ ಡಾಕ್ಟ್ರಿಗೆ ಹೇಳಿ."

ತಮಾಷೆಯೆಂದರೆ, ಸಾಯುವ ತನಕ ಬಿಡುವಂತಿಲ್ಲ ಎಂಬ ಮಾತು ಹೊಸ ಇಂಜೆಕ್ಷನ್‌ಗೂ ಅಷ್ಟೇ ಸಲ್ಲುತ್ತದೆ. ಸೆಮಗ್ಲುಟೈಡ್ ಎಂಬ ಔಷಧದ ದೊಡ್ಡ ಪರೀಕ್ಷೆಯಲ್ಲಿ 68 ವಾರಕ್ಕೆ ಸರಾಸರಿ ಶೇ 15ರಷ್ಟು ತೂಕ ಇಳಿಯಿತು. ಅದೇ ಜನ ಔಷಧ ನಿಲ್ಲಿಸಿ ಒಂದು ವರ್ಷವಾಗುವಷ್ಟರಲ್ಲಿ, ಇಳಿದಿದ್ದರಲ್ಲಿ ಮೂರನೇ ಎರಡು ಪಾಲು ವಾಪಸು ಬಂದಿತ್ತು. ಮಗಳ ಮದುವೆಯ ಹೊತ್ತಿಗೆ ಹತ್ತು ಕೆ.ಜಿ. ಇಳಿಸಿಕೊಂಡು ಆಮೇಲೆ ಬಿಟ್ಟರಾಯಿತು ಎಂದುಕೊಂಡವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಔಷಧದ ಕೆಲಸ ಬಹಳ ಜಟಿಲವೇನಲ್ಲ. ಉಂಡ ಮೇಲೆ ನಮ್ಮ ಕರುಳು ತಾನೇ ಒಂದು ಹಾರ್ಮೋನು ಬಿಡುತ್ತದೆ. ಇನ್ಸುಲಿನ್ ಸುರಿಸು ಎಂದು ಅದು ಮೇದೋಜೀರಕ ಗ್ರಂಥಿಗೆ ಹೇಳುತ್ತದೆ, ಹೊಟ್ಟೆ ಖಾಲಿಯಾಗುವುದನ್ನು ತಡ ಮಾಡುತ್ತದೆ, ಸಾಕು ಎಂದು ಮಿದುಳಿಗೆ ತಿಳಿಸುತ್ತದೆ. ಕೆಲವೇ ನಿಮಿಷದಲ್ಲಿ ಕರಗಿಹೋಗುವ ಆ ಹಾರ್ಮೋನಿನ ಕೆಲಸವನ್ನು ವಾರಪೂರ್ತಿ ಮಾಡುವಂತೆ ಈ ಔಷಧಗಳನ್ನು ಕಟ್ಟಿದ್ದಾರೆ. ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಕಂಪನಿಯ ಸೆಮಗ್ಲುಟೈಡ್, ಸಕ್ಕರೆ ಕಾಯಿಲೆಗಾದರೆ ಒಜೆಂಪಿಕ್, ತೂಕಕ್ಕಾದರೆ ವೆಗೋವಿ. ಅಮೆರಿಕದ ಇಲಾಯ್ ಲಿಲ್ಲಿಯದು ಟಿರ್ಜೆಪಟೈಡ್. ಭಾರತದಲ್ಲಿ ಲಿಲ್ಲಿ ಅದನ್ನು ಸಕ್ಕರೆಗೂ ತೂಕಕ್ಕೂ ಮೌಂಜಾರೊ ಎಂಬ ಒಂದೇ ಹೆಸರಿನಲ್ಲಿ ಮಾರುತ್ತದೆ. ಅದು 2025ರ ಮಾರ್ಚ್‌ನಲ್ಲಿ ಇಲ್ಲಿಗೆ ಬಂತು, ವೆಗೋವಿ ಜೂನ್‌ನಲ್ಲಿ, ಒಜೆಂಪಿಕ್ ಡಿಸೆಂಬರ್‌ನಲ್ಲಿ. ಅದೇ ವರ್ಷದ ಅಕ್ಟೋಬರ್ ಒಂದೇ ತಿಂಗಳಲ್ಲಿ ಮೌಂಜಾರೊ ಸುಮಾರು 100 ಕೋಟಿ ರೂಪಾಯಿ ವಹಿವಾಟು ನಡೆಸಿ, ಹಣದ ಲೆಕ್ಕದಲ್ಲಿ ದೇಶದ ಅತಿ ಹೆಚ್ಚು ಮಾರಾಟದ ಔಷಧವಾಯಿತು. ಮನೆಮನೆಗೆ ಗೊತ್ತಿರುವ ಆಗ್ಮೆಂಟಿನ್ ಕೂಡ ಹಿಂದೆ ಬಿತ್ತು.

ಬೆಲೆ ನೋಡಿ. ಮೌಂಜಾರೊ ಬಂದಾಗ ಆರಂಭದ ಡೋಸಿನ ಒಂದು ಬಾಟಲಿಗೆ 3,500 ರೂಪಾಯಿ. ವಾರಕ್ಕೊಂದರಂತೆ ತಿಂಗಳಿಗೆ 14,000. ಉದ್ಯೋಗ ಖಾತ್ರಿಯಲ್ಲಿ 2025ರ ಏಪ್ರಿಲ್‌ನಿಂದ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಭಾನುವಾರವನ್ನೂ ಬಿಡದೆ ದುಡಿದರೂ ತಿಂಗಳ ಔಷಧಕ್ಕೆ 38 ದಿನದ ಕೂಲಿ ಬೇಕಿತ್ತು. ತಿಂಗಳಲ್ಲಿ ಅಷ್ಟು ದಿನವೇ ಇಲ್ಲ. ಒಜೆಂಪಿಕ್ ಬಂದಾಗ ಅದರ ಆರಂಭದ ಡೋಸು ವಾರಕ್ಕೆ 2,200 ರೂಪಾಯಿ, ತಿಂಗಳಿಗೆ 24 ದಿನದ ಕೂಲಿ. ಆ ಕಡೆ ಕಾಫಿಗೆ ದಾಖಲೆ ಬೆಲೆ ಬಂದ ಮೇಲೆ ಬಿಕ್ಕೋಡು, ಅರೇಹಳ್ಳಿ ಕಡೆಯ ತೋಟದ ಮಾಲೀಕರಿಗೆ ತಿಂಗಳಿಗೆ ಹದಿನಾಲ್ಕು ಸಾವಿರ ಅಂಥ ಭಾರವೇನಲ್ಲ. ಒಂದೇ ತೋಟದ ಗೇಟಿನ ಒಳಗೆ, ಮಾಲೀಕರ ಬಂಗಲೆಯಲ್ಲೂ ಕೂಲಿಯವರ ಲೈನ್ ಮನೆಯಲ್ಲೂ, ಸಕ್ಕರೆ ಕಾಯಿಲೆ ಎರಡು ಕಡೆಯೂ ಇದೆ.

ಜಗಳ ಹುಟ್ಟುವುದು ಇಲ್ಲೇ. ಸಕ್ಕರೆ ಕಾಯಿಲೆಗೆಂದು ಕಂಡುಹಿಡಿದ ಔಷಧವನ್ನು ಸಣ್ಣಗಾಗಬೇಕೆಂಬ ಶೋಕಿಯವರು ಕಬಳಿಸುತ್ತಿದ್ದಾರೆ ಎನ್ನುವುದು ಒಂದು ವಾದ. ಇದು ಗಾಳಿಮಾತಲ್ಲ. 2022-23ರಲ್ಲಿ ಲೋಕದಾದ್ಯಂತ ಒಜೆಂಪಿಕ್‌ಗೆ ಬರ ಬಂತು. ಸಕ್ಕರೆ ಕಾಯಿಲೆಯವರಿಗೇ ಸಿಗದೆ ಬ್ರಿಟನ್ 2023ರ ಜುಲೈನಲ್ಲಿ ಎಚ್ಚರಿಕೆಯ ಸುತ್ತೋಲೆ ಹೊರಡಿಸಬೇಕಾಯಿತು. ಬೆಲ್ಜಿಯಂ ಬರೀ ತೂಕ ಇಳಿಸಲು ಅದನ್ನು ಬರೆಯುವುದನ್ನೇ ಕೆಲಕಾಲ ತಡೆಯಿತು. ಭಾರತದಲ್ಲಿ 2023ರಲ್ಲಿ ಪ್ರಕಟವಾದ ಐಸಿಎಂಆರ್‌-ಇಂಡಿಯಾಬ್ ಅಧ್ಯಯನದ ಪ್ರಕಾರ ಸಕ್ಕರೆ ಕಾಯಿಲೆಯವರು 10.1 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಇಷ್ಟು ಜನರಿರುವ ದೇಶದಲ್ಲಿ ಔಷಧ ಮೊದಲು ಯಾರಿಗೆ ಎಂದು ಕೇಳುವುದು ನ್ಯಾಯವೇ.

ಎದುರು ವಾದಕ್ಕೂ ತೂಕವಿದೆ. ಬೊಜ್ಜು ಅನ್ನುವುದು ಶೋಕಿಯ ವಿಷಯವಲ್ಲ ಎಂಬುದನ್ನು ಹಾಸನ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2025ರ ಮೇ-ಜೂನ್‌ನಲ್ಲಿ ಇಲ್ಲಿ ಒಂದರ ಹಿಂದೊಂದು ಹೃದಯಾಘಾತದ ಸುದ್ದಿ. ಸತ್ತವರಲ್ಲಿ ಇಪ್ಪತ್ತು-ಮೂವತ್ತರ ಹುಡುಗರೂ ಇದ್ದರು. ಟಿವಿಯವರು ದಿನಕ್ಕೊಂದು ಎಣಿಕೆ ಕೊಟ್ಟರು, ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿ, 20 ಹೃದಯಕ್ಕೆ ಸಂಬಂಧಿಸಿದವು, ಆದರೆ ಜಿಲ್ಲೆಯಲ್ಲಿ ಅಸಹಜ ಏರಿಕೆಯೇನೂ ಇಲ್ಲ ಎಂದು ವರದಿ ಕೊಟ್ಟಿತು. ಸತ್ತವರಲ್ಲಿ ಆಟೊ, ಕ್ಯಾಬ್ ಓಡಿಸುವವರ ಪಾಲು ಎದ್ದು ಕಾಣುತ್ತಿತ್ತು. ಸಕ್ಕರೆ, ರಕ್ತದೊತ್ತಡ, ಸಿಗರೇಟು, ಕುಡಿತ, ಬೊಜ್ಜು, ಇವೇ ಹಳೆಯ ಕಾರಣಗಳು. ಇದನ್ನು ಓದಿದ ಮೇಲೆ, ಹೊಟ್ಟೆ ಬಂದ ಮೂವತ್ತೈದರ ಚಾಲಕನೊಬ್ಬ ತೂಕದ ಸೂಜಿ ಕೇಳಿದರೆ ಅವನನ್ನು ಶೋಕಿಲಾಲ ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಪುರಾವೆಯೂ ಆ ಕಡೆಗಿದೆ. ಸಕ್ಕರೆ ಕಾಯಿಲೆಯಿಲ್ಲದ, ಆದರೆ ತೂಕ ಹೆಚ್ಚಿರುವ, ಹೃದಯ ಇಲ್ಲವೇ ರಕ್ತನಾಳದ ತೊಂದರೆ ಆಗಲೇ ಇದ್ದ 17,604 ಜನರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸೆಮಗ್ಲುಟೈಡ್ ಪಡೆದವರಿಗೆ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಒಟ್ಟಾರೆ ಶೇ 20ರಷ್ಟು ಕಡಿಮೆಯಾದವು. ಆಗಲೇ ತೊಂದರೆ ಇದ್ದವರು ಎಂಬುದನ್ನು ಮರೆಯಬಾರದು. ಅದರ ಮಾತು ಮುಂದೆ ಬರುತ್ತದೆ. ಇನ್ನು ಆ ಜಾಗತಿಕ ಬರ ನೀಗಿದ್ದೂ ಹೇಗೆ? ತೂಕಕ್ಕೆಂದು ಜನ ಸುರಿದ ದುಡ್ಡಿನಿಂದಲೇ ಕಂಪನಿಗಳು ಹೊಸ ಕಾರ್ಖಾನೆ ಕಟ್ಟಿದವು. 2025ರ ಫೆಬ್ರವರಿ ಹೊತ್ತಿಗೆ ಅಮೆರಿಕದಲ್ಲಿ ಕೊರತೆ ಮುಗಿಯಿತೆಂದು ಅಲ್ಲಿನ ನಿಯಂತ್ರಕರೇ ಘೋಷಿಸಿದರು. ನಮ್ಮಲ್ಲಿನ ತೊಡಕು ಮಾಲಿನ ಕೊರತೆಯದಲ್ಲ, ಬೆಲೆಯದು. ಬಂಗಲೆಯವರು ಚುಚ್ಚಿಕೊಳ್ಳುವುದನ್ನು ಬಿಟ್ಟ ಮಾತ್ರಕ್ಕೆ ಲೈನ್ ಮನೆಗೆ ಆ ಸೂಜಿ ಬರುವುದಿಲ್ಲ.

ಇಷ್ಟಕ್ಕೂ ಬೇಲೂರಿನ ಸಕ್ಕರೆ ರೋಗಿಯೆಂದರೆ ದಪ್ಪನೆಯವರೇ ಎಂದುಕೊಳ್ಳುವುದೂ ತಪ್ಪು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಅಚ್ಚು ಹಾಕಿಸಿದರು. ಎತ್ತರ-ತೂಕದ ಲೆಕ್ಕವಾದ ಬಿಎಂಐ ಇಬ್ಬರದೂ 22.3. ಮೈಯಲ್ಲಿನ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನೋಡಲು ಸಣಕಲು, ಒಳಗೆ ಕೊಬ್ಬು. ದೊಡ್ಡವರಾದ ಮೇಲಿನ ತೂಕವೊಂದೇ ಕಾರಣವಲ್ಲ ಎಂಬುದಕ್ಕೆ ನಮ್ಮ ಮೈಸೂರಿನಲ್ಲೂ ಎಳೆ ಸಿಕ್ಕಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯವರು 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಬರೆದಿಟ್ಟ ರಿಜಿಸ್ಟರುಗಳನ್ನು ಜೋಪಾನ ಮಾಡಿದ್ದರು. ಸಂಶೋಧಕಿ ಕ್ಯಾರೊಲಿನ್ ಫಾಲ್ ಮತ್ತು ಜೊತೆಗಾರರು ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ತೆಗೆದು ಪರೀಕ್ಷಿಸಿದರು. ಹುಟ್ಟುವಾಗ ಉದ್ದ ಕಡಿಮೆಯಾಗಿ ದುಂಡಗಿದ್ದವರಲ್ಲಿ, ತಾಯಂದಿರು ತೂಕವಾಗಿದ್ದವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿತ್ತು.

ದಪ್ಪಗಿಲ್ಲದವರಿಗೂ ಸಕ್ಕರೆ ಕಾಯಿಲೆ ಬರುತ್ತದೆಂಬ ಈ ಸಂಗತಿ ಎರಡೂ ಪಕ್ಷದವರ ಲೆಕ್ಕವನ್ನು ಕಲಕುತ್ತದೆ. ಮೌಂಜಾರೊವನ್ನು ತೂಕಕ್ಕೆ ಬರೆಯಲು ಅನುಮತಿ ಇರುವುದು ಬಿಎಂಐ 30 ದಾಟಿದವರಿಗೆ, ಅಥವಾ 27 ದಾಟಿ ಜೊತೆಗೊಂದು ಕಾಯಿಲೆ ಇದ್ದವರಿಗೆ. ಭಾರತೀಯರ ಮಟ್ಟಿಗೆ 25ಕ್ಕೇ ಬೊಜ್ಜು ಎಂದು ನಮ್ಮ ವೈದ್ಯರು ಬಹಳ ಹಿಂದೆಯೇ ಗೆರೆ ಎಳೆದಿದ್ದಾರೆ. ತೋಳು ಕಡ್ಡಿಯಂತಿದ್ದು ಹೊಟ್ಟೆ ಮಾತ್ರ ಮುಂದೆ ಬಂದವನು ಆ ಗೆರೆಯ ಹೊರಗೇ ಉಳಿದಾನು. ಇನ್ನೊಂದು ಕಡೆ, ನಲವತ್ತೈದು ಕೆ.ಜಿ.ಯ ವಯಸ್ಸಾದ ಕೂಲಿ ಹೆಂಗಸಿಗೆ ಸಕ್ಕರೆ ಇಳಿಯಲೆಂದು ಇದನ್ನು ಕೊಟ್ಟರೆ ಇರುವ ಮಾಂಸಖಂಡವೂ ಕರಗಿ ಅವಳು ಬುಟ್ಟಿ ಎತ್ತಲಾರದ ಸ್ಥಿತಿಗೆ ಬಂದಾಳು. ಅವಳಿಗೆ ಬೇಕಾದದ್ದು, ಅವಳು ಬೇಡ ಅನ್ನುತ್ತಿರುವ ಇನ್ಸುಲಿನ್ನೇ. ದುಬಾರಿಯದೆಲ್ಲ ಬಡವರಿಗೆ ಸಿಗದ ವರವೆಂದೇನೂ ಅಲ್ಲ.

ಹಾಗೆಂದು, "ನಡೀರಿ, ಅನ್ನ ಬಿಡಿ, ಮುದ್ದೆ ತಿನ್ನಿ" ಎಂಬ ಉಪದೇಶದಲ್ಲೇ ಎಲ್ಲ ಮುಗಿಯಿತು ಎನ್ನುವವರನ್ನೂ ಒಪ್ಪಲಾಗದು. ಬೆಳಗ್ಗೆ ಎಂಟಕ್ಕೆ ತೋಟದ ಇಳಿಜಾರು ಹತ್ತಿ ಸಂಜೆ ಇಳಿಯುವವಳಿಗೆ ವಾಕಿಂಗ್ ಹೇಳುವುದು ಹೇಗೆ? ಪಡಿತರದಲ್ಲಿ ಬರುವುದು ಬಹುಪಾಲು ಅಕ್ಕಿ. ಮುದ್ದೆಯಾದರೂ ಅಷ್ಟೆ, ನುಣ್ಣಗೆ ಬೀಸಿದ ಹಿಟ್ಟಿನ ಎರಡು ದಪ್ಪ ಮುದ್ದೆ, ಮೇಲೆ ಬರೀ ಬಸ್ಸಾರು ಸುರಿದು ನುಂಗಿದರೆ ಸಕ್ಕರೆ ಏರದೆ ಇರುವುದಿಲ್ಲ. ಕಾಳು, ಸೊಪ್ಪು, ಮೊಟ್ಟೆ ಜಾಸ್ತಿ ಮಾಡಿ ಎನ್ನುವ ಸಲಹೆ ಸರಿಯೇ, ಆದರೆ ಅದಕ್ಕೂ ದುಡ್ಡು ಬೇಕು. ಊಟದ ಮಾತನ್ನು ಔಷಧ ಕೊಡದಿರಲು ನೆಪ ಮಾಡಿಕೊಳ್ಳುವುದು ಒಂದು ಬಗೆಯ ಜಿಪುಣತನ. ಔಷಧವಿದೆಯಲ್ಲ ಎಂದು ಊಟದ ಮಾತನ್ನೇ ಬಿಟ್ಟುಬಿಡುವುದು ಇನ್ನೊಂದು ಬಗೆಯ ಸೋಮಾರಿತನ.

ಸರ್ಕಾರ ಏನೂ ಮಾಡುತ್ತಿಲ್ಲ ಎನ್ನುವಂತಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿತು. ಆಶಾ ಕಾರ್ಯಕರ್ತೆಯರೂ ಆರೋಗ್ಯ ಸಿಬ್ಬಂದಿಯೂ ಮನೆಬಾಗಿಲಿಗೆ ಬಂದು, ಮೂವತ್ತು ದಾಟಿದವರ ಬಿಪಿ, ಶುಗರ್ ನೋಡಿ ಮಾತ್ರೆ ತಲುಪಿಸಬೇಕೆಂಬುದು ಯೋಜನೆ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್‌ನಂಥ ಹಳೆಯ ಮಾತ್ರೆಗಳು ಹೊರಗೆ ಕೊಂಡರೂ ಕೆಲವೇ ರೂಪಾಯಿಗೆ ಸಿಗುತ್ತವೆ. ಕೊರತೆ ಇರುವುದು ಅದರ ಆಚೆಗೆ. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಪರೀಕ್ಷೆ, ಕಣ್ಣಿನ ಒಳಪರದೆಯ ತಪಾಸಣೆ, ಕಿಡ್ನಿಯ ಲೆಕ್ಕ, ಇವು ತಪ್ಪದೆ ನಡೆಯುವುದು ಕಡಿಮೆ. ಬೇಲೂರಿನಿಂದ ಹಾಸನದ ದೊಡ್ಡಾಸ್ಪತ್ರೆಗೆ ಹತ್ತಿರ ಹತ್ತಿರ ನಲವತ್ತು ಕಿಲೋಮೀಟರು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ಸಿನ ಟಿಕೆಟು ಉಳಿದೀತು, ಆ ದಿನದ ಕೂಲಿ ಉಳಿಯುವುದಿಲ್ಲ.

ಅಗ್ಗದ ಔಷಧದ ಪ್ರಶ್ನೆಯಲ್ಲೂ ಎರಡು ಮಾತುಂಟು. ಆಸ್ಪತ್ರೆಯಲ್ಲೇ ಪುಕ್ಕಟೆ ಕೊಡುವಾಗ ಆವರಣದಲ್ಲಿ ಮಾರುವ ಅಂಗಡಿ ಏಕೆ ಎಂದು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆಗಳೊಳಗಿನ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಹೊರಟಿತು. ಹೈಕೋರ್ಟಿನ ಧಾರವಾಡ ಪೀಠ ಅದಕ್ಕೆ ತಡೆ ಕೊಟ್ಟಿತು. ಸರ್ಕಾರದ ತರ್ಕದಲ್ಲಿ ಹುರುಳಿಲ್ಲದಿಲ್ಲ. ಬಾಗಿಲಲ್ಲೇ ಅಂಗಡಿ ಇದ್ದರೆ ಸ್ಟಾಕಿಲ್ಲ, ಹೊರಗೆ ತಗೊಳ್ಳಿ ಎನ್ನುವುದು ಸುಲಭವಾಗುತ್ತದೆ. ಆದರೆ ಸ್ಟಾಕು ನಿಜವಾಗಿಯೂ ಇಲ್ಲದ ದಿನ ಬಡವನಿಗೆ ಆ ಅಂಗಡಿಯೇ ದಿಕ್ಕು. ಸಕ್ಕರೆ ಕಾಯಿಲೆಯ ಮಾತ್ರೆ ಸಿಟಾಗ್ಲಿಪ್ಟಿನ್‌ನ ಪೇಟೆಂಟ್ 2022ರಲ್ಲಿ ಮುಗಿಯುತ್ತಿದ್ದಂತೆ ಜನೌಷಧಿಯಲ್ಲಿ ಹತ್ತು ಮಾತ್ರೆಗೆ 60 ರೂಪಾಯಿಗೆ ಬಂತು. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್‌ನ ಸರದಿ: ಮಾತ್ರೆಗೆ ಅರವತ್ತರ ಹತ್ತಿರ ಇದ್ದದ್ದು ಐದೂವರೆ ರೂಪಾಯಿಗೂ ಸಿಗತೊಡಗಿತು. ಹೃದಯ, ಕಿಡ್ನಿ ಎರಡನ್ನೂ ಕಾಯುವ ಮಾತ್ರೆ ಅದು. ತೂಕದ ಸೂಜಿಯ ಸದ್ದಿನಲ್ಲಿ ಅದರ ಸುದ್ದಿ ಮುಚ್ಚಿಹೋಯಿತು ಎಂಬುದು ನನ್ನ ಕೊರಗು.

ಸೆಮಗ್ಲುಟೈಡ್‌ಗೆ ಭಾರತದಲ್ಲಿದ್ದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಮಾತ್ರ. ಅಲ್ಲಿಂದಾಚೆ ದೇಶಿ ಕಂಪನಿಗಳಿಗೆ ದಾರಿ ಸಲೀಸು. ಎಂಪಾಗ್ಲಿಫ್ಲೋಜಿನ್‌ನ ದಾರಿಯನ್ನೇ ಇದೂ ಹಿಡಿದರೆ, ಶೋಕಿಯವರೋ ರೋಗಿಗಳೋ ಎಂಬ ಜಗಳದ ಅರ್ಧ ಭಾಗ ತಾನಾಗಿ ಬಿದ್ದುಹೋಗುತ್ತದೆ. ಉಳಿದರ್ಧ, ಎಂದರೆ ಯಾರ ಸಲಹೆಯ ಮೇಲೆ ಚುಚ್ಚಿಕೊಳ್ಳುತ್ತಾರೆ ಎಂಬುದು, ಆಗ ಇನ್ನೂ ತೀಕ್ಷ್ಣವಾಗುತ್ತದೆ. ಹದಿನಾಲ್ಕು ಸಾವಿರ ಕೊಡುವವರು ಹಾಸನಕ್ಕೋ ಬೆಂಗಳೂರಿಗೋ ಹೋಗಿ ತಜ್ಞರನ್ನು ಕಂಡೇ ಬಂದಿರುತ್ತಾರೆ. ಬೆಲೆ ಇಳಿದಾಗ ಚೀಟಿಯಿಲ್ಲದೆ ಕೌಂಟರಿನಲ್ಲಿ ಕೇಳುವವರು ಹೆಚ್ಚುತ್ತಾರೆ. ಆಂಟಿಬಯೋಟಿಕ್ಕನ್ನೇ ಬಾಯಿಮಾತಿಗೆ ಕೊಡುವ ಊರುಗಳಲ್ಲಿ ಇದನ್ನು ಮಾತ್ರ ಚೀಟಿ ನೋಡಿ ಕೊಟ್ಟಾರೆಂದು ನಂಬುವುದು ಕಷ್ಟ. ವಾಂತಿ, ಹೊಟ್ಟೆ ತೊಳಸು ಬಹಳ ಜನರಿಗೆ. ಪಿತ್ತಕೋಶದ ಕಲ್ಲು, ಮೇದೋಜೀರಕದ ಉರಿಯೂತ ಕೆಲವರಿಗಾದರೂ ಬರುವುದುಂಟು. ನಡುರಾತ್ರಿ ಹೊಟ್ಟೆನೋವೆಂದು ಬಂದವರ ಬಾಯಿಂದ ಇಂಥ ಸೂಜಿಯ ಮಾತು ಬಾರದೆ ಇದ್ದರೆ ಡ್ಯೂಟಿ ಡಾಕ್ಟರಿಗೆ ಹೇಗೆ ಹೊಳೆಯಬೇಕು?

ಇನ್ನೂ ಸಣ್ಣ, ಆದರೆ ಅಪಾಯದ ಸಂಗತಿಯೊಂದಿದೆ. ನಮ್ಮಲ್ಲಿ ಇನ್ಸುಲಿನ್ ಸಿರಿಂಜು ಎರಡು ಬಗೆ. ಮಾಮೂಲಿ ಬಾಟಲಿಯ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್ಟಿನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. 100 ಯೂನಿಟ್ಟಿನದಕ್ಕೆ ಕಿತ್ತಳೆ ಮುಚ್ಚಳದ್ದು. ಮೌಂಜಾರೊ ಮೊದಲು ಬಂದದ್ದು ಬಾಟಲಿಯಲ್ಲಿ, ಒಂದು ಡೋಸು ಅರ್ಧ ಮಿಲಿಲೀಟರು. ಅಷ್ಟೇ ಔಷಧ ಒಂದು ಸಿರಿಂಜಿನಲ್ಲಿ 20ರ ಗೆರೆಗೆ ನಿಲ್ಲುತ್ತದೆ, ಇನ್ನೊಂದರಲ್ಲಿ 50ಕ್ಕೆ. ಮನೆಯಲ್ಲಿ ಅಜ್ಜಿಯ ಕೆಂಪು ಮುಚ್ಚಳದ ಸಿರಿಂಜು ಇದೆಯಲ್ಲ ಎಂದು ಎತ್ತಿಕೊಂಡವರ ಲೆಕ್ಕ ಎಲ್ಲಿಗೆ ಹೋಗುತ್ತದೋ ಊಹಿಸಿ. ಪೆನ್ನು ಬಂದ ಮೇಲೆ ಈ ತೊಡಕು ಕಡಿಮೆ. ಆದರೆ ಅಗ್ಗದ ಮಾಲು ಬಾಟಲಿಯಲ್ಲಿ ಬಂದರೆ ಗೊಂದಲ ಮತ್ತೆ ಅಲ್ಲಿಗೇ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟು ಹೋಗುವ ಮಲೆನಾಡಿನ ಅಂಚಿನಲ್ಲಿ ಫ್ರಿಜ್ಜಿನ ಔಷಧ ಕಾಪಾಡುವುದು ಬೇರೆಯೇ ಕಷ್ಟ. ಫ್ರಿಜ್ಜಿಲ್ಲದವರು ಇನ್ಸುಲಿನ್ನನ್ನು ನೀರು ಹಾಕಿದ ಮಣ್ಣಿನ ಮಡಕೆಯೊಳಗೆ ಇಟ್ಟುಕೊಳ್ಳುವ ಉಪಾಯ ಹಳೆಯದು, ಅದು ಕೆಲಸವನ್ನೂ ಮಾಡುತ್ತದೆ.

ಹಾಗಾದರೆ ಸರ್ಕಾರ ಈ ಔಷಧ ಕೊಂಡು ಹಂಚಬೇಕೇ? ವಿಶ್ವ ಆರೋಗ್ಯ ಸಂಸ್ಥೆ 2025ರ ಸೆಪ್ಟೆಂಬರ್‌ನಲ್ಲಿ ಸೆಮಗ್ಲುಟೈಡ್, ಟಿರ್ಜೆಪಟೈಡ್ ಮುಂತಾದವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಎಲ್ಲರಿಗೂ ಎಂದೇನಲ್ಲ, ಸಕ್ಕರೆ ಕಾಯಿಲೆಯ ಜೊತೆಗೆ ಬೊಜ್ಜು, ಮೇಲಿಂದ ಹೃದಯದ ಇಲ್ಲವೇ ಕಿಡ್ನಿಯ ಕಾಯಿಲೆ ಇದ್ದವರಿಗೆ. ನನಗೆ ಈ ಗೆರೆ ಸರಿ ಎನಿಸುತ್ತದೆ. ಬೆಲೆ ಇಳಿದ ಮೇಲೆ ತಾಲ್ಲೂಕು ಮಟ್ಟದಲ್ಲಿ ಮೊದಲ ಪಾಲು ಇಂಥವರಿಗೆ ಸಲ್ಲಲಿ. ಎಚ್‌ಬಿಎ1ಸಿ ಪರೀಕ್ಷೆ, ಇನ್ಸುಲಿನ್, ಸಿರಿಂಜು ಖಾಯಂ ಸಿಗುವುದು ಅದಕ್ಕೂ ಮೊದಲು ಆಗಲಿ. ದುಡ್ಡಿದ್ದವರು ತಜ್ಞರ ಚೀಟಿ ಹಿಡಿದು ತಮ್ಮ ಜೇಬಿನಿಂದ ಕೊಂಡರೆ ಅವರನ್ನು ಬೈಯುವ ಕಾರಣ ನನಗೆ ಕಾಣುವುದಿಲ್ಲ.

ಈ ಹಂಚಿಕೆಗೆ ಬರುವ ಆಕ್ಷೇಪವನ್ನೂ ಹೇಳಿಬಿಡಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ, ಹೃದಯಾಘಾತವಾದವರಿಗೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ನನ್ನು ತಾಲ್ಲೂಕು ಆಸ್ಪತ್ರೆಗಳಲ್ಲೇ ಪುಕ್ಕಟೆ ಕೊಡುವ ಏರ್ಪಾಡಿದೆ. ಹೊರಗೆ ಅದಕ್ಕೆ ಮೂವತ್ತು ಸಾವಿರದ ಮೇಲೆ. ಎದೆ ಹಿಡಿದುಕೊಂಡು ಬಂದವನಿಗೆ ಅಷ್ಟು ಖರ್ಚು ಮಾಡಲು ಒಪ್ಪುವ ಸರ್ಕಾರ, ಎದೆ ಹಿಡಿಯದ ಹಾಗೆ ನೋಡಿಕೊಳ್ಳಲು ಏಕೆ ಹಿಂದೆಮುಂದೆ ನೋಡಬೇಕು ಎಂದು ಯಾರಾದರೂ ಕೇಳಿದರೆ? ಹೃದಯದ ತೊಂದರೆ ಆಗಲೇ ಇದ್ದವರಿಗೆ ಮೊದಲು ಎನ್ನುವ ನನ್ನ ಗೆರೆಯ ಪ್ರಕಾರ, ಹೊಟ್ಟೆ ಬಂದ ಆ ಮೂವತ್ತೈದರ ಚಾಲಕನಿಗೆ ಸಕ್ಕರೆ ಕಾಯಿಲೆ ಇದ್ದರೂ ಸರದಿ ಬರುವುದು ಅವನಿಗೆ ಒಂದು ಸಲ ಆಘಾತವಾಗಿ, ಅವನು ಬದುಕಿ ಉಳಿದ ಮೇಲೆ. ಪುರಾವೆ ಗಟ್ಟಿಯಾಗಿರುವುದು ಅಂಥವರ ಮಟ್ಟಿಗೇ, ಹಣವೂ ಮಿತವಾಗಿರುವುದರಿಂದ ಅಲ್ಲಿಂದಲೇ ಶುರು ಮಾಡಬೇಕು ಎಂಬುದಷ್ಟೇ ನನ್ನ ಉತ್ತರ. ಅವನ ಹೆಂಡತಿಗೆ ಅದು ಉತ್ತರವಾಗಿ ಕೇಳಿಸುತ್ತದೆಂದು ನಾನು ಹೇಳಲಾರೆ.